ಲಾಬಿಯಲ್ಲಿ ಮೂವರು

ಪಿಇ ಮೇಷ್ಟ್ರ ಕೆಲಸದಲ್ಲಿ ಆಟಕ್ಕಿಂತ ಪಂಚಾಯ್ತಿಯೇ ಜಾಸ್ತಿ. ಕ್ರೀಡಾಕೂಟದ ಸೀಸನ್ ಬಂತೆಂದರೆ ಹೋಬಳಿ, ತಾಲೂಕು, ಜಿಲ್ಲೆ ಅಂತ ಓಓಡಿ (ಶಾಲೆಯ ಹೊರಗಿನ ಡ್ಯೂಟಿ) ಮೇಲೆ ಓಡಾಟ. ಶಾಮಿಯಾನ ಅತಿಥಿಗಳಿಗೆ, ಬಿಸಿಲು ಅಂಪೈರ್‌ಗೆ.

ಚಿಂತಾಮಣಿ ಕಡೆ ಬಾಲಕರ ಕಬಡ್ಡಿ ಫೈನಲ್. ಸ್ಕೋರ್ ಸಮ. ಕೊನೆಯ ನಿಮಿಷ, ಡೂ ಆರ್ ಡೈ ರೇಡ್: ಪಾಯಿಂಟ್ ತರದಿದ್ದರೆ ರೇಡರ್ ಔಟ್. ರೇಡರ್ ಹುಡುಗ ಯಾರನ್ನೂ ಮುಟ್ಟದೆ ಲಾಬಿಗೆ, ಅಂದರೆ ಯಾರನ್ನಾದರೂ ಮುಟ್ಟಿದ ಮೇಲಷ್ಟೇ ಹೋಗಬಹುದಾದ ಅಂಕಣದ ಪಕ್ಕದ ಪಟ್ಟಿಗೆ, ಕಾಲಿಟ್ಟ. ಅವನನ್ನು ಹಿಡಿಯೋಕೆ ಎದುರಿನ ಮೂವರು ಲಾಬಿಗೇ ನುಗ್ಗಿದರು. ನಾನು ವಿಶಲ್ ಊದಿ ರೇಡರ್ ಔಟ್ ಅಂದೆ. ಎದುರು ಟೀಮಿಗೆ ಒಂದು ಪಾಯಿಂಟ್.

ತಕ್ಷಣ ಗೆರೆಯಾಚೆಯಿಂದ ಕೂಗು: "ಮುಗ್ಗುರೂ ಔಟ್ ಸಾರ್, ಮುಗ್ಗುರೂ!" ಮೂವರೂ ಅಂತ. ನಮ್ಮ ಗಡಿ ಸೀಮೆಯಲ್ಲಿ ಸಿಟ್ಟು ಬಂದರೆ ಭಾಷೆ ತೆಲುಗಿಗೆ ತಿರುಗುತ್ತೆ. ರೇಡರ್ ಟೀಮಿನ ಮೇಷ್ಟ್ರು ಅಂಕಣದೊಳಗೇ ಬಂದರು. "ಏಷ್ಯನ್ ಗೇಮ್ಸ್ ಫೈನಲ್ ನೋಡಿಲ್ವಾ ಸಾರ್?"

ನೋಡದೇ ಇರ್ತೀನಾ? 2023ರ ಅಕ್ಟೋಬರ್, ಹ್ಯಾಂಗ್‌ಝೌ. ಭಾರತ-ಇರಾನ್ 28-28. ಪವನ್ ಸೆಹ್ರಾವತ್ ಯಾರನ್ನೂ ಮುಟ್ಟದೆ ಲಾಬಿಗೆ ಹೋದರು, ಇರಾನಿನವರು ಹಿಂದೆಯೇ ನುಗ್ಗಿದರು. ಹಳೇ ನಿಯಮದಲ್ಲಿ ನುಗ್ಗಿದವರೆಲ್ಲ ಔಟ್, ಪ್ರೊ ಕಬಡ್ಡಿಯಲ್ಲಿ ರೇಡರ್ ಮಾತ್ರ ಔಟ್. ತೀರ್ಪು ಆ ಕಡೆ ಈ ಕಡೆ ತೂಗಿ, ಹೆಚ್ಚು ಕಡಿಮೆ ಒಂದು ಗಂಟೆ ಆಟ ನಿಂತಿತು. ಕೊನೆಗೆ ಭಾರತ 33-29. ಅಂತರರಾಷ್ಟ್ರೀಯ ಅಧಿಕಾರಿಗಳೇ ಅಷ್ಟು ತಡಕಾಡಿದ ಮೇಲೆ ನಾನು ಯಾವ ಲೆಕ್ಕ?

ಅಷ್ಟರಲ್ಲಿ ಒಬ್ಬ ಅಪ್ಪ ಮೊಬೈಲ್ ಹಿಡಿದು ಬಂದರು. "ವಿಡಿಯೋ ಇದೆ, ಸುಮ್ನೆ ಒಂದ್ಸಲ ನೋಡಿ." ನೋಡಿದೆ. ಎಲ್ಲಾ ಸ್ಪಷ್ಟವಾಗಿತ್ತು: ಮುಟ್ಟಿಲ್ಲ, ಲಾಬಿಗೆ ಹೋಗಿದ್ದಾನೆ, ಮೂವರೂ ನುಗ್ಗಿದ್ದಾರೆ. ಆದರೆ ಅದನ್ನು ಯಾರೂ ಇಲ್ಲ ಅಂದಿರಲಿಲ್ಲವಲ್ಲ! ಜಗಳ ಇದ್ದದ್ದು ಯಾವ ನಿಯಮ ಅನ್ನೋದಕ್ಕೆ. ಅಂಪೈರ್ ಮೊಬೈಲ್ ನೋಡಿದ ಅಂದಮೇಲೆ ತೀರ್ಪು ಬದಲಾಗುತ್ತೆ ಅಂತ ಎಲ್ಲರಿಗೂ ಆಸೆ ಹುಟ್ಟಿತು. ಇನ್ನೂ ನಾಲ್ಕು ಮೊಬೈಲ್ ಬಂದವು. ಸ್ಕೋರರ್ ಪೆನ್ನು ಜೇಬಿಗಿಟ್ಟು ಎದ್ದು ನಿಂತ. ಮೇಲಿನವರ ಕಡೆ ನೋಡಿದರೆ, "ನೀವೇ ನೋಡ್ಕೊಳ್ಳಿ ಮೇಷ್ಟ್ರೇ" ಅಂತ ಟೀ ಹೀರಿದರು.

ತೀರ್ಪು ಬದಲಿಸಲಿಲ್ಲ. ಆ ಟೀಮಿನವರು ಪ್ರೊಟೆಸ್ಟ್ ಫೀಸ್ ಕಟ್ಟಿದರು. ಕಮಿಟಿ ಕೂತಿತು, ಅಂಪೈರ್ ತೀರ್ಮಾನವೇ ಅಂತಿಮ ಅಂತ ಹೇಳಿ ಎದ್ದಿತು. ನಿಯಮ ಯಾವುದು ಅಂತ ಮಾತ್ರ ಹೇಳಲಿಲ್ಲ.

ಸ್ಟಾಫ್ ರೂಮಿನಲ್ಲಿ ಇದೇ ಮಾತು ಬಂದಾಗ ನಮ್ಮ ಇಂಗ್ಲಿಷ್ ಮೇಷ್ಟ್ರು ರಗ್ಬಿ ತೆಗೆದರು. ಈ ಸೀಮೆಯಲ್ಲಿ ರಗ್ಬಿ ನೋಡುವವರು ಅವರೊಬ್ಬರೇ ಇರಬೇಕು. ಅದೇ 2023ರ ವಿಶ್ವಕಪ್ ಫೈನಲ್, ಪ್ಯಾರಿಸ್. ನ್ಯೂಜಿಲೆಂಡಿನ ಆರನ್ ಸ್ಮಿತ್ ಟ್ರೈ ಮಾಡಿದರು, ಅಂದರೆ ಚೆಂಡನ್ನು ಎದುರಾಳಿಯ ಗೆರೆಯಾಚೆ ನೆಲಕ್ಕೊತ್ತಿ ಪಾಯಿಂಟ್ ಗಳಿಸಿದರು, ರೆಫರಿ ವೇಯ್ನ್ ಬಾರ್ನ್ಸ್ ಕೊಟ್ಟೂ ಬಿಟ್ಟರು. ಆಮೇಲೆ ಟಿಎಂಒ, ಅಂದರೆ ವಿಡಿಯೋ ನೋಡುವ ರೆಫರಿ, ಆಟವನ್ನು ಹಿಂದಕ್ಕೆ ತಿರುಗಿಸಿ, ಹೊರಹೋದ ಚೆಂಡನ್ನು ಒಳಗೆಸೆಯುವ ಲೈನ್‌ಔಟ್‌ನಲ್ಲಿ ಚೆಂಡು ಕೈಜಾರಿ ಮುಂದಕ್ಕೆ ಬಿದ್ದಿತ್ತು ಅಂತ ತೋರಿಸಿದರು. ಟ್ರೈ ರದ್ದು. ದಕ್ಷಿಣ ಆಫ್ರಿಕಾ ಗೆದ್ದದ್ದು 12-11ರಲ್ಲಿ.

"ಕೈಜಾರಿದ್ದು ನಿಜ ತಾನೇ? ರದ್ದು ಮಾಡಿದ್ದು ಸರಿ" ಅಂದೆ.

"ನಿಮಗೂ ಆ ಅಪ್ಪ ತೋರಿಸಿದ್ದು ನಿಜಾನೇ" ಅಂದರು.

ಮಾತು ನಿಂತುಹೋಯಿತು. ಅಲ್ಲೂ ಜನ ಕಿತ್ತಾಡಿದ್ದು ಚೆಂಡು ಬಿತ್ತಾ ಇಲ್ವಾ ಅಂತಲ್ಲ. ಟಿಎಂಒಗೆ ಅಷ್ಟು ಹಿಂದಕ್ಕೆ ಹೋಗೋ ಅಧಿಕಾರ ಇದೆಯಾ ಅಂತ. ಆ ಟಿಎಂಒ ಟಾಮ್ ಫೋಲಿ ಬೈಗುಳ, ಬೆದರಿಕೆ ಸಾಕಾಗಿ ಅಂತರರಾಷ್ಟ್ರೀಯ ಪಂದ್ಯಗಳನ್ನೇ ಬಿಟ್ಟರು. ನನಗೆ ಬೈದವರು ಸಂಜೆ ಅದೇ ಬಸ್ಸಲ್ಲಿ ಸಿಕ್ಕಿ ಸೀಟು ಬಿಟ್ಟುಕೊಟ್ಟರು, ಅಷ್ಟರಮಟ್ಟಿಗೆ ನಾನೇ ವಾಸಿ.

ಈಗ ಟಾಸ್‌ಗೆ ಮುಂಚೆ ಎರಡೂ ಟೀಮಿನ ಮ್ಯಾನೇಜರ್‌ಗಳನ್ನು ಕೂರಿಸಿ, ಲಾಬಿ ನಿಯಮ ಯಾವುದು ಅಂತ ಸ್ಕೋರ್ ಶೀಟಿನ ಹಿಂದೆ ಬರೆದು ಸಹಿ ಹಾಕಿಸಿಕೊಳ್ಳುತ್ತೇನೆ. ರೂಲ್ ಬುಕ್ ಕೊಡಿ ಅಂತ ಕೇಳಿದ್ದಕ್ಕೆ ಆಫೀಸಿನಿಂದ ಬಂದದ್ದು ಸುಣ್ಣದ ಪುಡಿಯ ಬಿಲ್ ಯಾಕೆ ಜಾಸ್ತಿ ಅನ್ನೋ ಪ್ರಶ್ನೆ. ಈ ವರ್ಷ ಲಾಬಿಗೆ ಯಾರೂ ಜಗಳ ತೆಗೆಯಲಿಲ್ಲ. ಎದುರಿಗೆ ಕನಿಷ್ಠ ಆರು ಜನ ಇದ್ದರಷ್ಟೇ ಸಿಗೋ ಬೋನಸ್ ಪಾಯಿಂಟನ್ನು ಐದೇ ಜನ ಇದ್ದಾಗ ಕೊಡಿ ಅಂತ ತೆಗೆದರು.