ಸಣ್ಣ ತೂತು, ದಪ್ಪ ವಾಲ್ವು

ಬಾಡಿಗೆ ಸೈಕಲ್ ತಗೊಳ್ಳುವಾಗ ನಾನು ಏನೇನು ಪರೀಕ್ಷೆ ಮಾಡಿದೆ ಅಂತ ಈಗ ನೆನೆಸಿಕೊಂಡರೆ ನಗು ಬರುತ್ತದೆ. ಬೆಲ್ ಹೊಡೆದು ನೋಡಿದೆ. ಟೈರನ್ನು ಹೆಬ್ಬೆರಳಿಂದ ಒತ್ತಿ, ಎಲ್ಲ ಗೊತ್ತಿರುವವರ ಹಾಗೆ ತಲೆಯಾಡಿಸಿದೆ. ಸೀಟಿನ ಕೆಳಗೆ ಒಂದು ಪುಟ್ಟ ಚೀಲ ನೇತಾಡುತ್ತಿತ್ತು. "ಪಂಕ್ಚರ್ ಸಾಮಾನು, ಪಂಪು, ಎಕ್ಸ್‌ಟ್ರಾ ಟ್ಯೂಬು, ಎಲ್ಲಾ ಇದೆ" ಅಂದರು ಸೈಕಲ್ ಕೊಟ್ಟವರು. ಆಯ್ತು ಅಂದೆ. ಜಿಪ್ಪು ಕೂಡ ತೆಗೆಯಲಿಲ್ಲ.

ಒಬ್ಬಂಟಿಯಾಗಿ ಬೆಟ್ಟದ ಕಡೆ ಸೈಕಲ್ ತಗೊಂಡು ಹೊರಟಿದ್ದು ಅದೇ ಮೊದಲು. ಮೂರು ದಿನದ ಪ್ಲಾನು. ಇದು ಮೊದಲ ದಿನದ್ದು.

ಬೆಳಿಗ್ಗೆ ಎದುರಾದ ಏರು 11 ಕಿಲೋಮೀಟರ್, ಸರಾಸರಿ ಶೇಕಡಾ 7. ಮ್ಯಾಪಿನಲ್ಲಿ ನೋಡುವಾಗ 7 ಅನ್ನೋದು ಏನೂ ಅಲ್ಲ ಅನಿಸಿತ್ತು. ಆದರೆ ಅದರರ್ಥ ಒಂದು ಕಿಲೋಮೀಟರ್ ಹೋದರೆ 70 ಮೀಟರ್ ಮೇಲೆ, ಒಟ್ಟು 770 ಮೀಟರ್. ಅದೂ ಸಾಮಾನಿನ ಸಮೇತ! ಬಾಡಿಗೆಗೆ ತಗೊಂಡ ದಿನ ಖಾಲಿ ಸೈಕಲ್ಲಿನಲ್ಲಿ ಸಮತಟ್ಟು ರಸ್ತೆ ಮೇಲೆ ಎರಡು ಸುತ್ತು ಹೊಡೆದಿದ್ದೆ ಅಷ್ಟೇ. ಈಗ ಎರಡೂ ಬ್ಯಾಗು ಹಿಂದಿನ ಚಕ್ರದ ಅಕ್ಕಪಕ್ಕ. ಎದ್ದು ನಿಂತು ತುಳಿದರೆ ಬಾಲ ಒಂದು ಕಡೆ ಎಳೆಯುತ್ತದೆ, ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ಅತ್ತಿತ್ತ ಆಡುತ್ತದೆ. ಪ್ರತಿ ಸುತ್ತಿಗೂ ಹಿಮ್ಮಡಿ ಬ್ಯಾಗಿಗೆ ಟಪ್ ಅಂತ ಬಡಿಯುತ್ತದೆ. ಬ್ಯಾಗನ್ನು ನಾಲ್ಕು ಬೆರಳು ಹಿಂದಕ್ಕೆ ಸರಿಸಿದರೆ ಮುಗಿಯುವ ಸಮಸ್ಯೆ. ಅಷ್ಟು ಹೊಳೆಯೋಕೆ ನನಗೆ ಎರಡು ಕಿಲೋಮೀಟರ್ ಬೇಕಾಯಿತು.

ಗೇರಿನದು ಇನ್ನೊಂದು ಕಥೆ. ಹಿಂದಿನ ಅತಿ ದೊಡ್ಡ ಹಲ್ಲಿನ ಚಕ್ರಕ್ಕೆ ಚೈನು ಹತ್ತುತ್ತಲೇ ಇರಲಿಲ್ಲ. ಸುಮ್ನೆ ಕಟಕಟ ಸದ್ದು. ಅಂದರೆ ಏರು ಹತ್ತೋಕೆ ನನಗೆ ಅತೀ ಬೇಕಾಗಿದ್ದ ಹಗುರ ಗೇರೇ ಇಲ್ಲ! ಗೇರಿನ ಕೇಬಲ್ ಹೋಗಿ ಸೇರುವಲ್ಲಿ ಕೈಯಿಂದಲೇ ತಿರುಗಿಸುವ ಒಂದು ಪುಟ್ಟ ತಿರುಪು ಇರುತ್ತದೆ. ಅದನ್ನು ಬಿಚ್ಚುವ ದಿಕ್ಕಿಗೆ ಅರ್ಧ ಸುತ್ತು, ಮತ್ತೆ ಅರ್ಧ ಸುತ್ತು ತಿರುಗಿಸಿ ಕೇಬಲ್ ಬಿಗಿ ಮಾಡಿದ ಮೇಲೆ ಚೈನು ಮೇಲೆ ಹತ್ತಿ ಕೂತಿತು. ಇಷ್ಟೊಂದು ತಿಳಿದಿದ್ದೀನಲ್ಲ ಅಂತ ಬೀಗಿದೆ. ಆ ಜಂಬ ಸಂಜೆಯವರೆಗೂ ಉಳಿಯಲಿಲ್ಲ.

ಆಮೇಲೆ ಬರೀ ತುಳಿಯುವುದೇ. ವೇಗ ಗಂಟೆಗೆ 6 ಕಿಲೋಮೀಟರ್, ಕೆಲವು ಕಡೆ 5. ಒಂದು ನೊಣ ಮೂಗಿನ ಮುಂದೆ ಆರಾಮಾಗಿ ಸುತ್ತು ಹಾಕುತ್ತಾ ಸುಮಾರು ದೂರ ಜೊತೆಗೇ ಬಂತು. ಅದನ್ನು ಹಿಂದೆ ಹಾಕುವಷ್ಟು ವೇಗವೂ ನನ್ನ ಹತ್ತಿರ ಇರಲಿಲ್ಲ.

ತುದಿ ಮುಟ್ಟಿದಾಗ ಖುಷಿಗಿಂತ ಮೊದಲು ಚಳಿ ಆಯಿತು. ಮೇಲೆ ಹೋದ ಹಾಗೆ ಸಾವಿರ ಮೀಟರ್‌ಗೆ ಸುಮಾರು 6.5 ಡಿಗ್ರಿ ಕಮ್ಮಿಯಾಗುತ್ತದೆ, ಅಂದರೆ ಕೆಳಗಿಗಿಂತ 5 ಡಿಗ್ರಿ ಕಮ್ಮಿ. ಅಂಗಿ ಪೂರ್ತಿ ಬೆವರು. ಬ್ಯಾಗಿನಲ್ಲಿ ಬಟ್ಟೆ ಸುತ್ತಿಟ್ಟಿದ್ದ ಹಳೇ ಪೇಪರನ್ನು ಅಂಗಿಯೊಳಗೆ ಎದೆಗೆ ಹಾಸಿಕೊಂಡೆ. ಹಿಂದಿನ ಕಾಲದ ರೇಸಿನವರೂ ಬೆಟ್ಟ ಇಳಿಯುವಾಗ ಹೀಗೇ ಮಾಡುತ್ತಿದ್ದರು. ನಗಬೇಡಿ, ನಿಜವಾಗಿ ಕೆಲಸ ಮಾಡುತ್ತದೆ.

ಇಳಿಯುವಾಗ ಭಯ. ಎರಡೂ ಬ್ರೇಕನ್ನು ಒಮ್ಮೆ ಹಿಡಿದ ಮೇಲೆ ಬಿಡಲೇ ಇಲ್ಲ. ಆ ಸೈಕಲ್ಲಿಗೆ ಇದ್ದದ್ದು ರಿಮ್ಮನ್ನೇ ಒತ್ತಿ ಹಿಡಿಯುವ ಬ್ರೇಕು. ಬೆಳಿಗ್ಗೆ ಬೆವರು ಸುರಿಸಿ ತೂಕ ಮೇಲೆ ಹತ್ತಿಸಿದ ಶಕ್ತಿಯೆಲ್ಲ ಇಳಿಯುವಾಗ ಎಲ್ಲಾದರೂ ಬಿಸಿಯಾಗಿ ಹೊರಗೆ ಹೋಗಲೇಬೇಕಲ್ವಾ? ನನ್ನ ವಿಷಯದಲ್ಲಿ ಅದು ರಿಮ್ಮಿಗೆ ಹೋಯಿತು. ತಿರುವಿಗೆ ಮುಂಚೆ ಜೋರಾಗಿ ಹಿಡಿದು, ಆಮೇಲೆ ಪೂರ್ತಿ ಬಿಟ್ಟು, ಗಾಳಿಗೆ ಆರಲು ಬಿಡಬೇಕಿತ್ತು. ಅರ್ಧ ದಾರಿಯಲ್ಲಿ ಹಿಂದಿನಿಂದ ಪುಸ್ಸ್ ಅಂತು. ನಿಲ್ಲಿಸಿ ಮುಟ್ಟಿದರೆ ರಿಮ್ಮು ಸುಡುತ್ತಿದೆ.

ಟ್ಯೂಬು ಹೊರಗೆ ತೆಗೆದೆ. ಯಾರ್ಯಾರೋ ಬಾಡಿಗೆಯವರು ಹಾಕಿದ ಮೂರು ಹಳೇ ಪ್ಯಾಚು. ಬಿಸಿಗೇ ಇರಬೇಕು, ಒಂದರ ಅಂಚು ಎದ್ದಿತ್ತು. ಪರವಾಗಿಲ್ಲ, ಹೊಸ ಟ್ಯೂಬಿದೆಯಲ್ಲ ಅಂತ ಆ ಪುಟ್ಟ ಚೀಲದ ಜಿಪ್ಪು ತೆಗೆದೆ. ಮೊಟ್ಟ ಮೊದಲ ಸಲ.

ಟ್ಯೂಬೇನೋ ಹೊಸದೇ. ಆದರೆ ಅದರ ವಾಲ್ವು ಕಾರಿನ ಟೈರಿಗಿರುವಂಥ ದಪ್ಪದ್ದು. ನನ್ನ ರಿಮ್ಮಿನ ತೂತು ಇನ್ನೊಂದು ಜಾತಿಯ ಸಣ್ಣ ವಾಲ್ವಿಗೆ ಮಾಡಿದ್ದು. ದಪ್ಪದಕ್ಕೆ ಸುಮಾರು 8.5 ಮಿಲಿಮೀಟರ್ ತೂತು ಬೇಕು, ಇಲ್ಲಿ ಇದ್ದದ್ದು 6.5. ಎರಡೇ ಮಿಲಿಮೀಟರ್ ವ್ಯತ್ಯಾಸ. ಒತ್ತಿದೆ, ತಿರುಗಿಸಿದೆ, ಬೈದೆ. ಆ ಚೀಲ ಬೇರೆ ಯಾವುದೋ ಸೈಕಲ್ಲಿನದು.

ಸರಿ, ಹಳೇ ಟ್ಯೂಬಿಗೇ ಪ್ಯಾಚ್ ಹಾಕೋಣ ಅಂತ ಎದ್ದಿದ್ದ ಪ್ಯಾಚು ಕಿತ್ತು, ಉಜ್ಜಿ, ಅಂಟು ಹಚ್ಚಿ, ಅದು ಒಣಗುವವರೆಗೆ ಐದು ನಿಮಿಷ ತಾಳ್ಮೆಯಿಂದ ಕಾದು, ಹೊಸದನ್ನು ಒತ್ತಿ ಕೂರಿಸಿ, ಚಕ್ರ ಜೋಡಿಸಿದೆ. ಪಂಪು ಇಟ್ಟರೆ ಅದರ ಬಾಯಿಯೂ ದಪ್ಪದ್ದೇ! ಎಷ್ಟು ಹೊಡೆದರೂ ಗಾಳಿಯೆಲ್ಲ ಪಕ್ಕದಿಂದ ಆಚೆ. ಕರವಸ್ತ್ರ ಸುತ್ತಿ ನೋಡಿದೆ. ಊಹೂಂ.

ಕೊನೆಗೆ ಒಂದು ಬ್ಯಾಗು ಬೆನ್ನಿಗೆ, ಇನ್ನೊಂದು ಹ್ಯಾಂಡಲ್ಲಿಗೆ ಹಾಕಿಕೊಂಡು 4 ಕಿಲೋಮೀಟರ್ ತಳ್ಳಿಕೊಂಡು ಇಳಿದೆ. ಮೂರು ಗಂಟೆ ಒದ್ದಾಡಿ ಹತ್ತಿದ್ದೇ ಈ ಇಳಿಜಾರಿನ ಆಸೆಗೆ. ಅದನ್ನು ನಡೆದುಕೊಂಡು ಮುಗಿಸಿದೆ.

ರಾತ್ರಿ ರೂಮಿನಲ್ಲಿ ನಿದ್ದೆ ಬರದೆ ಆ ಪಂಪಿನ ತಲೆಯನ್ನು ಸುಮ್ನೆ ತಿರುಗಿಸುತ್ತಾ ಕೂತಿದ್ದೆ. ಮುಚ್ಚಳ ಬಿಚ್ಚಿಕೊಂಡು ಕೈಗೆ ಬಂತು. ಒಳಗೆ ಒಂದು ರಬ್ಬರ್ ತುಂಡು. ಒಂದು ಕಡೆ ದೊಡ್ಡ ತೂತು, ಇನ್ನೊಂದು ಕಡೆ ಚಿಕ್ಕದು. ತಿರುಗಿಸಿ ಹಾಕಿದರೆ ಅದೇ ಪಂಪು ಸಣ್ಣ ವಾಲ್ವಿಗೂ ಆಗುತ್ತದೆ. ಬೆಟ್ಟದ ಮೇಲೆ ಇಡೀ ಹೊತ್ತು ಅದು ನನ್ನ ಕೈಯಲ್ಲೇ ಇತ್ತು!

ರಾತ್ರಿ ಹತ್ತೂವರೆಗೆ ನೆಲದ ಮೇಲೆ ಕೂತು, ವಾಲ್ವಿನ ತುದಿಯ ಪುಟ್ಟ ನಟ್ಟು ಸಡಿಲ ಮಾಡಿ, ಪಂಪು ಹೊಡೆಯೋಕೆ ಶುರು ಮಾಡಿದೆ. ಟೈರು ನಿಧಾನಕ್ಕೆ ಎದ್ದು ನಿಂತಿತು. ನೂರು ಸಲ ಹೊಡೆದಿರಬೇಕು, ಪಕ್ಕದ ರೂಮಿನವರು ಗೋಡೆ ತಟ್ಟಿದರು. ಇನ್ನೂ ಸ್ವಲ್ಪ ಬೇಕಿತ್ತು. ಬೆಳಿಗ್ಗೆ ಹೊಡೆದರಾಯಿತು ಅಂತ ಪಂಪನ್ನು ದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದೆ.