ಓದೋ ಕೋಣೆಯ ಹಳೆ ಡೆಸ್ಕ್‌ಟಾಪ್‌ಗಳು: ಆಪ್ಟ್ ಕೆಲಸ ಎಲ್ಲಿಗೆ ಬಂತು

ನಮ್ಮೂರಿನ ಓದೋ ಕೋಣೆಗೆ ಹಳೆ ಡೆಸ್ಕ್‌ಟಾಪ್ ರೆಡಿ ಮಾಡುವ ಕೆಲಸ ಅರ್ಧ ದಾಟಿದೆ. ಮಂಡ್ಯದಿಂದ ಕೆರಗೋಡು ಕಡೆಗೆ ಬರುವ ಊರು ನಮ್ಮದು, ಇಂಟರ್‌ನೆಟ್ ಅಂದರೆ ನನ್ನ ಮೊಬೈಲ್ ಹಾಟ್‌ಸ್ಪಾಟ್ ಅಷ್ಟೇ. ಒಟ್ಟು ಐದು ಮಷೀನ್. ನಾಲ್ಕರಲ್ಲಿ ಡೆಬಿಯನ್ 13 ಕೂತಿದೆ, ಡೆಬಿಯನ್ ಅಂದರೆ ವಿಂಡೋಸ್ ಬದಲಿಗೆ ಹಾಕುವ ಉಚಿತ ಲಿನಕ್ಸ್ ಸಿಸ್ಟಮ್. ಐದನೆಯದು 32 ಬಿಟ್ ಪ್ರೊಸೆಸರ್‌ನದು, ಅಂಥದ್ದಕ್ಕೆ 13ರಲ್ಲಿ ಇನ್‌ಸ್ಟಾಲರೇ ಇಲ್ಲ, ಹಾಗಾಗಿ ಅದಕ್ಕೆ 12 ಹಾಕಿದೆ. ಟೈಪಿಂಗ್ ಕಲಿಯೋಕೆ ಅದೇ ಸಾಕು ಬಿಡಿ.

ಬೇಕಾಗಿದ್ದೂ ಜಾಸ್ತಿ ಏನಿಲ್ಲ. ಲಿಬ್ರೆ ಆಫೀಸ್, ಕನ್ನಡ ಫಾಂಟ್, ಕನ್ನಡ ಕೀಬೋರ್ಡ್. ಇಲ್ಲಿಗೆ ಬರುವವರಲ್ಲಿ ಸುಮಾರು ಜನ ನುಡಿ ಸಾಫ್ಟ್‌ವೇರ್‌ನಲ್ಲಿ ಬೆರಳು ಪಳಗಿಸಿಕೊಂಡವರು, ಅವರಿಗೆ ಅದರ ಕಗಪ ಕೀಬೋರ್ಡ್ ಲೇಔಟ್ ಬಿಟ್ಟು ಬೇರೆ ಕೊಟ್ಟರೆ ಎದ್ದು ಹೋಗ್ತಾರೆ. ಐಬಸ್-ಎಂ17ಎನ್ ಅನ್ನೋ ಟೈಪಿಂಗ್ ಸಾಫ್ಟ್‌ವೇರ್ ಹಾಕಿದರೆ ಆ ಲೇಔಟ್ ಜೊತೆಗೇ ಬರುತ್ತದೆ. ಡೆಬಿಯನ್‌ನಲ್ಲಿ ಸಾಫ್ಟ್‌ವೇರನ್ನು ಪ್ಯಾಕೇಜ್ ಅನ್ನೋ ಕಟ್ಟುಗಳಾಗಿ ತರಿಸಿ ಹಾಕುವ, ತೆಗೆಯುವ ಪ್ಯಾಕೇಜ್ ಮ್ಯಾನೇಜರ್ ಹೆಸರು ಆಪ್ಟ್. ಇಷ್ಟನ್ನೂ ಹಾಕೋಕೆ ಒಂದೇ ಸಾಲು, ಸುಡೋ (ಅಡ್ಮಿನ್ ಅನುಮತಿಯಲ್ಲಿ ಓಡಿಸು ಅಂತ) ಆಪ್ಟ್ ಇನ್‌ಸ್ಟಾಲ್ ಅಂತ ಬರೆದು ಮುಂದೆ ಹೆಸರುಗಳು. ಪೆನ್ ಡ್ರೈವ್‌ನಲ್ಲಿ ಸೆಟಪ್ ಫೈಲ್ ಹೊತ್ತು ತಿರುಗಿ, ನೆಕ್ಸ್ಟ್ ನೆಕ್ಸ್ಟ್ ಒತ್ತಿ, ಕೊನೆಗೆ ನಾವು ಕೇಳದ ಟೂಲ್‌ಬಾರ್ ಒಂದನ್ನು ಅಂಟಿಸಿಕೊಳ್ಳುವ ಕಾಟ ಇಲ್ಲ.

ತಲೆನೋವಾಗಿದ್ದು ಡೇಟಾ. ನಾಲ್ಕು ಮಷೀನೂ ಅದೇ ಲಿಬ್ರೆ ಆಫೀಸನ್ನು ನಾಲ್ಕು ಸಲ ಇಳಿಸಿಕೊಂಡರೆ ನನ್ನ ದಿನದ ಪ್ಯಾಕ್ ಮಧ್ಯಾಹ್ನಕ್ಕೇ ಮುಗಿಯುತ್ತದೆ. ಅದಕ್ಕೆ ಒಂದು ಮಷೀನಿನಲ್ಲಿ, ಒಮ್ಮೆ ತರಿಸಿದ ಪ್ಯಾಕೇಜನ್ನು ಕೂಡಿಟ್ಟುಕೊಳ್ಳುವ ಆಪ್ಟ್-ಕ್ಯಾಷರ್-ಎನ್‌ಜಿ ಹಾಕಿದೆ. ಅದು 3142ನೇ ಪೋರ್ಟ್‌ನಲ್ಲಿ ಕೂತಿರುತ್ತದೆ, ಉಳಿದ ಮಷೀನ್‌ಗಳ ಆಪ್ಟ್‌ಗೆ ಅದನ್ನೇ ಪ್ರಾಕ್ಸಿ, ಅಂದರೆ ಮಧ್ಯವರ್ತಿ, ಅಂತ ತೋರಿಸಿದರೆ ಆಯ್ತು. ಮೊದಲನೆಯದು ಕೇಳಿದಾಗ ಪ್ಯಾಕೇಜ್ ಹೊರಗಿನಿಂದ ಬರುತ್ತದೆ, ಆಮೇಲೆ ಕೇಳಿದವರಿಗೆಲ್ಲ ಕೋಣೆಯ ಒಳಗಿಂದಲೇ. ಎರಡನೇ ಮಷೀನಿನಲ್ಲಿ ಡೌನ್‌ಲೋಡ್ ಪಟ್ಟಿ ಸರ್ರಂತ ಓಡಿದ್ದು ನೋಡೋಕೆ ಖುಷಿ. 32 ಬಿಟ್ ಮಷೀನಿಗೆ ಮಾತ್ರ ಇದರಿಂದ ಲಾಭ ಕಡಿಮೆ, ಅದಕ್ಕೆ ಬೇಕಾದ ಡೆಬ್ ಫೈಲ್‌ಗಳೇ (ಪ್ಯಾಕೇಜ್ ಫೈಲ್‌ಗಳೇ) ಬೇರೆ.

ಮಧ್ಯದಲ್ಲಿ ಒಂದು ಮಷೀನ್ ಕೂತರೆ ಯಾರಾದರೂ ಪ್ಯಾಕೇಜ್ ಬದಲಾಯಿಸಿಬಿಟ್ಟರೆ ಅಂತ ಗೆಳೆಯ ಕೇಳಿದ. ಒಳ್ಳೆ ಪ್ರಶ್ನೆ. ಡೆಬಿಯನ್‌ನವರು ರಿಲೀಸ್ ಅನ್ನೋ ಒಂದು ಫೈಲಿಗೆ ಡಿಜಿಟಲ್ ಸಹಿ ಹಾಕಿರುತ್ತಾರೆ, ಅದರೊಳಗೆ ಪ್ಯಾಕೇಜ್ ಪಟ್ಟಿಗಳ ಹ್ಯಾಷ್ (ಫೈಲಿನ ಬೆರಳಚ್ಚು ಇದ್ದಂತೆ), ಆ ಪಟ್ಟಿಯೊಳಗೆ ಒಂದೊಂದು ಡೆಬ್ ಫೈಲಿನ ಹ್ಯಾಷ್. ಎಲ್ಲಾದರೂ ಒಂದು ಬಿಟ್ ಆಚೀಚೆ ಆದರೂ ಆಪ್ಟ್ ಒಪ್ಪಲ್ಲ. ಅದಕ್ಕೇ ಗೂಢಲಿಪಿ ಇಲ್ಲದ ಬರೀ ಎಚ್‌ಟಿಟಿಪಿಯಲ್ಲಿ ತರಿಸಿದರೂ ಭಯ ಇಲ್ಲ.

ಇನ್ನು ಕರೆಂಟು. ನಮ್ಮಲ್ಲಿ ಪಂಪ್‌ಸೆಟ್‌ಗೆ ತ್ರೀ ಫೇಸ್ ಕೊಡುವ ಹೊತ್ತಿಗೆ ಒಮ್ಮೆ ಪಕ್ ಅಂತ ಹೋಗಿ ಬರುತ್ತದೆ, ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ಗೆ ಅಷ್ಟೇ ಸಾಕು. ಇನ್‌ಸ್ಟಾಲ್ ನಡೀತಿರುವಾಗಲೇ ಹೋಯ್ತು. ಮತ್ತೆ ಆನ್ ಮಾಡಿ, ಆಪ್ಟ್‌ನ ಕೈಕೆಳಗೆ ಪ್ಯಾಕೇಜ್ ಕೂರಿಸುವ ಡಿಪಿಕೆಜಿಗೆ ಮೈನಸ್ ಎಲ್ ಕೊಟ್ಟು ನೋಡಿದರೆ, ಸರಿಯಾಗಿ ಕೂತ ಪ್ಯಾಕೇಜ್‌ಗಳ ಮುಂದೆ ಎರಡು ಸಣ್ಣ 'ಐ', ಅರ್ಧಕ್ಕೆ ನಿಂತವುಗಳ ಮುಂದೆ ಒಂದು ಸಣ್ಣ 'ಐ' ಮತ್ತು ದೊಡ್ಡ 'ಯು'. ಅಂದರೆ ಬಿಚ್ಚಿಟ್ಟಾಗಿದೆ, ಹೊಂದಿಸುವುದು ಬಾಕಿ. ಯಾವುದು ಎಲ್ಲಿ ನಿಂತಿತು ಅಂತ ಡಿಪಿಕೆಜಿ ಬರೆದಿಟ್ಟುಕೊಂಡೇ ಮುಂದೆ ಹೋಗುತ್ತದೆ. ಸುಡೋ ಡಿಪಿಕೆಜಿ, ಎರಡು ಮೈನಸ್ ಹಾಕಿ ಕಾನ್ಫಿಗರ್, ಕೊನೆಗೆ ಮೈನಸ್ ಎ. ನಿಂತಲ್ಲಿಂದ ಮುಂದುವರಿದು ಮುಗಿಸಿತು. ಈಗ ಮಾಡುತ್ತಿರುವುದು ಇಷ್ಟು: ಆಪ್ಟ್‌ಗೆ ಮೈನಸ್ ಡಿ ಕೊಟ್ಟು ಮೊದಲು ಬರೀ ಡೌನ್‌ಲೋಡ್ ಮಾಡಿಟ್ಟುಕೊಳ್ಳುವುದು, ಕರೆಂಟು ನೆಟ್ಟಗಿರುವ ಹೊತ್ತು ನೋಡಿ ಇನ್‌ಸ್ಟಾಲ್ ಮುಗಿಸುವುದು.

ಈ ಸಲ ನನಗೆ ಜಾಸ್ತಿ ಇಷ್ಟವಾಗಿದ್ದು ಒಂದು ಸಣ್ಣ ಫಾಂಟ್ ಗಲಾಟೆ. ಕನ್ನಡ ಫಾಂಟ್‌ಗೆ ಅಂತ ಫಾಂಟ್ಸ್-ಕೆಎನ್‌ಡಿಎ ಅನ್ನೋ ಪ್ಯಾಕೇಜ್ ಹಾಕಿದ್ದೆ. ಅದರಲ್ಲಿ ಸ್ವಂತದ್ದು ಏನೂ ಇಲ್ಲ, ಗುಬ್ಬಿ, ನವಿಲು, ಲೋಹಿತ್ ಕನ್ನಡ ಮೂರನ್ನೂ ಕರೆದುಕೊಂಡು ಬರುವುದೇ ಅದರ ಕೆಲಸ. ನವಿಲು ಕೈಬರಹದ ಥರದ ಫಾಂಟ್, ಚೆನ್ನಾಗಿಯೇ ಇದೆ, ಆದರೆ ಹುಡುಗರು ಅರ್ಜಿಯನ್ನೆಲ್ಲ ಅದರಲ್ಲೇ ಟೈಪ್ ಮಾಡೋಕೆ ಶುರು ಮಾಡಿದರು. ತೆಗೆಯೋಣ ಅಂತ ರಿಮೂವ್ ಕೊಟ್ಟೆ. ವೈ ಒತ್ತುವ ಮುಂಚೆ ಆಪ್ಟ್ ತೋರಿಸಿದ್ದನ್ನು ಓದಿ: ನವಿಲಿನ ಜೊತೆ ಫಾಂಟ್ಸ್-ಕೆಎನ್‌ಡಿಎ ಕೂಡ ಹೋಗುತ್ತದೆ, ಗುಬ್ಬಿ ಮತ್ತು ಲೋಹಿತ್ ಇನ್ನು ಯಾರಿಗೂ ಬೇಕಿಲ್ಲ, ಬೇಕಾದರೆ ಆಟೋರಿಮೂವ್ ಮಾಡು. ಲೆಕ್ಕ ಸರಿಯೇ ಅಲ್ವಾ? ಗುಬ್ಬಿಯನ್ನು ನಾನು ಹೆಸರು ಹಿಡಿದು ಕೇಳಿರಲಿಲ್ಲ, ಅದು ಇನ್ನೊಬ್ಬರ ಮದುವೆ ದಿಬ್ಬಣದಲ್ಲಿ ಬಂದ ನೆಂಟ. ಕರೆದುತಂದವರೇ ಹೊರಟ ಮೇಲೆ ಅದನ್ನು ಯಾಕೆ ಇಟ್ಟುಕೊಳ್ಳಬೇಕು? ಆದರೆ ನನಗೆ ಗುಬ್ಬಿ, ಲೋಹಿತ್ ಬೇಕಿತ್ತು, ಹಾಗಾಗಿ ಆಪ್ಟ್-ಮಾರ್ಕ್ ಮ್ಯಾನ್ಯುಯಲ್ ಅಂತ ಕೊಟ್ಟು ಎರಡನ್ನೂ ನನ್ನ ಲೆಕ್ಕಕ್ಕೆ ಬರೆಸಿದೆ, ಆಮೇಲೆ ಆಟೋರಿಮೂವ್ ಅವುಗಳ ತಂಟೆಗೆ ಹೋಗಲಿಲ್ಲ. ಏನೇನು ಇದೆ ಅನ್ನುವುದರ ಜೊತೆ ಯಾಕೆ ಇದೆ ಅಂತಲೂ ನೆನಪಿಟ್ಟುಕೊಳ್ಳುತ್ತದಲ್ಲ, ಪ್ಯಾಕೇಜ್ ಮ್ಯಾನೇಜರ್‌ನ ಅರ್ಧ ಬೆಲೆ ಅದರಲ್ಲೇ ಇದೆ.

ಅದೇ ನೆನಪನ್ನು ಪಟ್ಟಿ ಮಾಡೋಕೂ ಬಳಸಿಕೊಂಡೆ. ಆಪ್ಟ್-ಮಾರ್ಕ್ ಷೋಮ್ಯಾನ್ಯುಯಲ್ ಕೊಟ್ಟರೆ ಕೇಳಿ ಹಾಕಿಸಿಕೊಂಡ ಪ್ಯಾಕೇಜ್‌ಗಳ ಹೆಸರು ಬರುತ್ತವೆ. ಇನ್‌ಸ್ಟಾಲರ್ ಹಾಕಿದ್ದರಲ್ಲೂ ಸುಮಾರು ಅದರೊಳಗೇ ಸೇರಿಕೊಂಡಿರುತ್ತವೆ, ಹಾಗಾಗಿ ಹೊಸದಾಗಿ ಹಾಕಿದ ಮಷೀನಿನ ಪಟ್ಟಿಯನ್ನು ಈ ಪಟ್ಟಿಯಿಂದ ಕಳೆಯಬೇಕು, ಕಾಮ್ ಅನ್ನೋ ಕಮಾಂಡ್ ಇದಕ್ಕಂತಲೇ ಇದೆ. ಕಳೆದ ಮೇಲೆ ಉಳಿದಿದ್ದು ಒಂದೇ ಪರದೆಯಲ್ಲಿ ಹಿಡಿಸುವಷ್ಟು ಹೆಸರು. ಅದನ್ನು ಪ್ರಿಂಟ್ ಹಾಕಿಸಿ ಗೋಡೆಗೆ ಅಂಟಿಸಿದ್ದೇನೆ. ಯಾವುದಾದರೂ ಮಷೀನಿನ ಡಿಸ್ಕ್ ಕೈಕೊಟ್ಟರೆ, ನಾನು ಊರಲ್ಲಿ ಇಲ್ಲದಿದ್ದರೂ, ಹುಡುಗರೇ ಹೊಸ ಡಿಸ್ಕಿಗೆ ಡೆಬಿಯನ್ ಹಾಕಿ ಆ ಹೆಸರುಗಳನ್ನು ಆಪ್ಟ್‌ಗೆ ಕೊಟ್ಟರೆ ಆಯ್ತು.

ಪ್ರಿಂಟರ್ ಬಾಕಿ ಇದೆ. ಆ ಪಟ್ಟಿಯನ್ನು ಪ್ರಿಂಟ್ ಮಾಡಿಸಿದ್ದೂ ಮಂಡ್ಯದ ಜೆರಾಕ್ಸ್ ಅಂಗಡಿಯಲ್ಲೇ. ಸಿಕ್ಕಿರುವ ಹಳೆ ಪ್ರಿಂಟರ್‌ನ ಡ್ರೈವರ್ ಡೆಬಿಯನ್‌ನಲ್ಲಿ ಇಲ್ಲ, ಕಂಪನಿಯ ಕಡೆಯಿಂದ ತಂದು ಸ್ಕ್ರಿಪ್ಟ್ ಓಡಿಸಿ ಹಾಕಬೇಕಂತೆ. ಹಾಗೆ ಹಾಕಿದ್ದು ಆಪ್ಟ್ ಲೆಕ್ಕಕ್ಕೂ ಬರಲ್ಲ, ಗೋಡೆಯ ಪಟ್ಟಿಗೂ ಬರಲ್ಲ, ಅದು ನನಗೆ ಇಷ್ಟ ಇಲ್ಲ. ಡೆಬಿಯನ್‌ನಲ್ಲೇ ಡ್ರೈವರ್ ಇರುವ ಬೇರೆ ಪ್ರಿಂಟರ್ ಹುಡುಕ್ತಾ ಇದ್ದೇನೆ, ಮೈಸೂರಲ್ಲಿ ಸೆಕೆಂಡ್ ಹ್ಯಾಂಡ್ ಸಿಕ್ಕರೂ ಸರಿ.