ದುಡ್ಡು ಏರಿತು, ಮತ ಹೋಯಿತು

ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ನಲ್ಲಿ ನಾನು ಕೆಲಸಕ್ಕೆ ಹೋಗುವ ದಾರಿಯಲ್ಲಿ ಚೊಂಗ್ಯೆಚೊನ್ ಎಂಬ ತೊರೆ ಸಿಗುತ್ತದೆ. ಅದರ ಒಂದು ಸೇತುವೆಯ ಮೇಲೆ ಒಬ್ಬ ಹುಡುಗನ ಕಂಚಿನ ಪ್ರತಿಮೆ. ಸೊಂಟದಿಂದ ಮೇಲೆ ಮಾತ್ರ ಇದೆ, ನೆಲ ಸೀಳಿಕೊಂಡು ಎದ್ದ ಹಾಗೆ. ಹೆಸರು ಜೊನ್ ತೇ-ಇಲ್. ಪಕ್ಕದ ಮಾರುಕಟ್ಟೆಯ ಗಾರ್ಮೆಂಟ್ಸ್‌ನಲ್ಲಿ ಕೆಲಸಕ್ಕಿದ್ದ. ತಲೆ ಎತ್ತಿ ನಿಲ್ಲಲೂ ಆಗದ ಅಟ್ಟಗಳಲ್ಲಿ ಚಿಕ್ಕ ಚಿಕ್ಕ ಹುಡುಗಿಯರು ದಿನಕ್ಕೆ 14 ಗಂಟೆ ದುಡಿಯುತ್ತಿದ್ದರು. ಕಾರ್ಮಿಕ ಕಾನೂನು ಆಗಲೇ ಇತ್ತು. "ಅದನ್ನು ಪಾಲಿಸಿ, ನಾವು ಯಂತ್ರಗಳಲ್ಲ" ಎಂದು ಕೂಗುತ್ತಾ 1970ರ ನವೆಂಬರ್ 13ರಂದು ಮೈಗೆ ಬೆಂಕಿ ಹಚ್ಚಿಕೊಂಡ. ಆಗ ಅವನಿಗೆ 22 ವರ್ಷ.

ಊರಿಗೆ ಫೋನ್ ಮಾಡಿದಾಗ ನಿಮ್ಮಲ್ಲಿ ಕೆಲವರು ಹೇಳುತ್ತೀರಿ: "ಮೊದಲು ದೇಶ ಉದ್ಧಾರ ಆಗ್ಲಿ, ಪ್ರಜಾಪ್ರಭುತ್ವ ಆಮೇಲೆ ತಾನಾಗೇ ಬರುತ್ತೆ. ಕೊರಿಯಾ ನೋಡು." ಇಲ್ಲೇ ಇದ್ದು ನೋಡುತ್ತಿದ್ದೇನೆ. ತಾನಾಗಿ ಬಂದದ್ದು ನನಗಂತೂ ಕಾಣಲಿಲ್ಲ.

1964ರಲ್ಲಿ ದಕ್ಷಿಣ ಕೊರಿಯಾದ ರಫ್ತು 10 ಕೋಟಿ ಡಾಲರ್. 1977ಕ್ಕೆ 1,000 ಕೋಟಿ. ನೂರು ಪಟ್ಟು! ಆದರೆ ನಡುವೆ, 1972ರಲ್ಲಿ, ಆಗಿನ ಅಧ್ಯಕ್ಷ ಪಾರ್ಕ್ ಚುಂಗ್-ಹೀ ಸಂವಿಧಾನವನ್ನೇ ಬದಲಿಸಿ, ಅಧ್ಯಕ್ಷರನ್ನು ಜನ ನೇರವಾಗಿ ಆರಿಸುವ ಹಕ್ಕನ್ನು ಕಿತ್ತುಕೊಂಡ. ಸಿಂಗಾಪುರವೂ ಶ್ರೀಮಂತ ಅಲ್ವಾ? ಅಲ್ಲಿ 1959ರಿಂದ ಒಂದೇ ಪಕ್ಷದ ಆಳ್ವಿಕೆ.

ಹಾಗಂತ ದುಡ್ಡಿಗೂ ಇದಕ್ಕೂ ಸಂಬಂಧವೇ ಇಲ್ಲ ಅನ್ನಲಾರೆ. ಓದಿದವರು, ಆಫೀಸಿಗೆ ಹೋಗುವವರು ಜಾಸ್ತಿಯಾದರು. ನಮ್ಮ ಪಕ್ಕದ ಮನೆಯ ಹಿರಿಯಾಕೆ 1987ರ ಜೂನ್‌ನಲ್ಲಿ ಸೋಲ್‌ನ ಮ್ಯೊಂಗ್‌ಡಾಂಗ್ ಪ್ರದೇಶದ ಬ್ಯಾಂಕೊಂದರಲ್ಲಿ ಗುಮಾಸ್ತೆ. ಕೆಳಗೆ ಬೀದಿ ತುಂಬಾ ನೇರ ಚುನಾವಣೆ ಬೇಕೆಂದು ಕೂಗುವ ವಿದ್ಯಾರ್ಥಿಗಳು, ಅಶ್ರುವಾಯು. ಕಣ್ಣು ಒರೆಸಿಕೊಳ್ಳಲಿ ಎಂದು ಇವರೆಲ್ಲ ಕಿಟಕಿಯಿಂದ ಟಿಶ್ಯೂ ರೋಲ್ ಎಸೆದರಂತೆ. ಅವು ಗಾಳಿಪಟದ ಬಾಲದ ಹಾಗೆ ಬಿಚ್ಚಿಕೊಳ್ಳುತ್ತಾ ಇಳಿದದ್ದನ್ನು ಕೈಯಲ್ಲೇ ಮಾಡಿ ತೋರಿಸಿದರು. ಟೈ ಕಟ್ಟಿದವರೂ ಬೀದಿಗಿಳಿದರು. ಜೂನ್ 29ಕ್ಕೆ ಆಳುವವರು ಮಣಿದರು. ಆ ಡಿಸೆಂಬರ್‌ನಲ್ಲಿ, 16 ವರ್ಷಗಳ ನಂತರ, ಜನ ತಮ್ಮ ಅಧ್ಯಕ್ಷರಿಗೆ ನೇರವಾಗಿ ಮತ ಹಾಕಿದರು.

2024ರ ಡಿಸೆಂಬರ್ 3ರ ರಾತ್ರಿ ಅಧ್ಯಕ್ಷ ಯೂನ್ ಸುಕ್-ಯೋಲ್ ಟಿವಿಯಲ್ಲಿ ಸೇನಾಡಳಿತ ಘೋಷಿಸಿದರು. ಸೈನಿಕರು ಸಂಸತ್ತಿನ ಕಿಟಕಿ ಒಡೆದು ಒಳನುಗ್ಗಿದರು. ಹೊರಗೆ ಜನ ಸೇರುತ್ತಲೇ ಹೋದರು. ರಾತ್ರಿ ಒಂದು ಗಂಟೆ ದಾಟುತ್ತಿದ್ದಂತೆ, ಹಾಜರಿದ್ದ 190 ಸದಸ್ಯರೂ ಅದನ್ನು ರದ್ದು ಮಾಡಿ ಎಂದು ಮತ ಹಾಕಿದರು.

ಅದಕ್ಕೂ ಮುಂಚೆ, ಹನ್ನೊಂದರ ಸುಮಾರಿಗೆ, ಪಕ್ಕದ ಮನೆಯ ಬಾಗಿಲು ಧಡ್ ಎಂದಿತ್ತು. ಹೊರಗೆ ಬಂದು ನೋಡಿದೆ. ಹಿರಿಯಾಕೆ ದಪ್ಪ ಕೋಟು ಹಾಕಿಕೊಂಡು, ಮಫ್ಲರ್ ಸುತ್ತಿಕೊಳ್ಳುತ್ತಾ ಲಿಫ್ಟ್‌ಗೆ ಕಾಯುತ್ತಿದ್ದರು.